ಅರ್ಧ ಇಂಚು

ಮಾರ್ಚ್ ತಿಂಗಳು. ಲಹೇವ್ ನದಿಯ ಮೇಲಿನ ಐಸು ಇನ್ನೂ ಬಿರಿದಿರಲಿಲ್ಲ.
ಅಗ್ನಿಶಾಮಕದವರ ಹಾಲಿನಲ್ಲಿ, ಕೆಂಪು ಗಾಡಿಯನ್ನು ಹೊರಗೆ ನಿಲ್ಲಿಸಿ
ನೆಲದ ತುಂಬ ಹಾಸಿದೆವು ನಲವತ್ತೆರಡು ಚೌಕ.
ಏಳು ಹೆಂಗಸರು, ತಲೆಗೆ ಆರು.
ಲಾಟರಿಗೆ ಒಂದು ಕೌದಿ, ಆ ದುಡ್ಡಿಗೆ ಹೊಸ ಪಂಪು.

ಪ್ರತಿ ಚೌಕದ ನಡುವೆ ಒಂದು ಕೆಂಪು ತುಂಡು, ಅದು ಒಲೆ.
ಸುತ್ತ ಪಟ್ಟಿ ಪಟ್ಟಿ ಬಟ್ಟೆ, ಅದು ದಿಮ್ಮಿಯ ಗೋಡೆ.
ಹನ್ನೆರಡೂವರೆ ಇಂಚು ಅಂತ ಚೀಟಿ ಬರೆದು ಕೊಟ್ಟವಳು ನಾನೇ.
ಬರೆದದ್ದು ಒಂದೇ; ಅಳೆದದ್ದು ಅವರವರ ಮೂಗಿನ ನೇರಕ್ಕೆ.

ಎಲ್ಡಾಳದು ಕಾಲಿಂಚು ಹೆಚ್ಚು.
ಇಸ್ತ್ರಿಯನ್ನು ಆಕೆ ಒತ್ತುವುದಿಲ್ಲ, ಎಳೆಯುತ್ತಾಳೆ
ದೋಣಿಯನ್ನು ದಡಕ್ಕೆಳೆದ ಹಾಗೆ.
ಪರವಾಗಿಲ್ಲ, ಹೆಚ್ಚಿದ್ದನ್ನು ಹೊಲಿಗೆಯೊಳಗೆ ನುಂಗಿಸಬಹುದು.
ಥಿಯೋಡೋರಾಳ ಎರಡು ಚೌಕ ಚೌಕವೇ ಅಲ್ಲ,
ಗಾಳಿಗೆ ವಾಲಿದ ಕೊಟ್ಟಿಗೆ.
ಒದ್ದೆ ಮಾಡಿ, ಹಲಗೆಗೆ ಗುಂಡುಸೂಜಿ ಚುಚ್ಚಿ
ಮೂಲೆಗೆ ಮೂಲೆ ಜಗ್ಗಿ ನಿಲ್ಲಿಸಿದೆವು.
ಒಣಗುವಷ್ಟರಲ್ಲಿ ಬುದ್ಧಿ ಬಂತು ಅದಕ್ಕೆ.

ವರ್ಲಿಯ ಆರು ಮಾತ್ರ.
ಆರೂ ಅರ್ಧ ಇಂಚು ಕಮ್ಮಿ.
ಕೂದಲೆಳೆಯೂ ಅತ್ತಿತ್ತ ಇಲ್ಲದೆ, ಒಪ್ಪವಾಗಿ, ಕಮ್ಮಿ.
ಇಷ್ಟು ಅಚ್ಚುಕಟ್ಟಾದ ತಪ್ಪನ್ನು ನಾನು ಕಂಡಿದ್ದಿಲ್ಲ.

"ಟೇಪು ತೋರಿಸು," ಅಂದೆ.
ಕೈಚೀಲದಿಂದ ತೆಗೆದಳು. ಹಳದಿ ಹೋಗಿ ಹಳೇ ಹಲ್ಲಿನ ಬಣ್ಣ.
ತುದಿಯ ತಗಡು ಉದುರಿ ನಾರು ನಾರಾದಾಗ
ನೀಟಾಗಿ ಕತ್ತರಿಸಿದ್ದಳಂತೆ. ಯಾವಾಗ?
"ಹ್ಯಾಡ್ಲಿ ಹುಟ್ಟೋಕೆ ಮುಂಚೆ."
ಹ್ಯಾಡ್ಲಿಗೆ ಈಗ ಮೂವತ್ತನಾಲ್ಕು.

ಯಾರೂ ಮಾತಾಡಲಿಲ್ಲ. ಕಾಫಿ ಪಾತ್ರೆಯೊಂದೇ ಗುಳುಗುಳು.
ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ನೆನಪಾಯಿತು.
ಚರ್ಚಿನ ಅಡುಗೆಮನೆಗೆ ಅವಳು ಹೊಲಿದ ಪರದೆ,
ಕೆಳಗೆ ಸದಾ ಒಂದು ಗೆರೆ ಬೆಳಕು.
ಬಾಗಿಲ ಚೌಕಟ್ಟಿಗೆ ಮಗನನ್ನು ನಿಲ್ಲಿಸಿ, ಗುರುತು ಹಾಕಿ,
"ಆರಡಿ!" ಎಂದು ಕೇಕ್ ಮಾಡಿ ಹಂಚಿದ್ದು;
ಹಡಗಿನ ಕೆಲಸಕ್ಕೆ ಹೋದಾಗ ಡಾಕ್ಟರು ಅರ್ಧ ಇಂಚು ಇಳಿಸಿ ಬರೆದದ್ದು,
ನಿಮ್ಮ ಗೋಡೆಯೇ ಡೊಂಕು ಎಂದು ಅವನು ಜಗಳಕ್ಕೆ ನಿಂತದ್ದು.
ಮತ್ತೆ ವಿಲಿಸ್.
ಮೀನು ಹರಾಜಿನಲ್ಲಿ, ಮದುವೆಯಲ್ಲಿ, ಹೆಣಕ್ಕೆ ಹೆಗಲು ಕೊಡುವಾಗಲೂ
ಅಂಗಿಯ ತೋಳನ್ನು ಕೆಳಗೆ ಜಗ್ಗುತ್ತಲೇ ಇರುತ್ತಿದ್ದ ಮನುಷ್ಯ.
ಚಾಳಿ ಅಂದುಕೊಂಡಿದ್ದೆವು.
"ಒಂದು ದಿನವಾದರೂ ಹೇಳಲಿಲ್ಲ ನೋಡು," ಅಂದಳು ವರ್ಲಿ.

ಉಳಿದ ಮೂವತ್ತಾರನ್ನೂ ಹನ್ನೆರಡಕ್ಕೆ ಇಳಿಸೋಣ ಅಂದಳು ಜೆರಲ್ಡೀನ್,
ಕತ್ತರಿ ಕೈಯಲ್ಲೇ ಇತ್ತು.
ಬೇಡ, ಅಂದೆ. ಒಬ್ಬ ಗಿಡ್ಡನಿಗಾಗಿ
ಊರ ಬಾಗಿಲನ್ನೆಲ್ಲ ತಗ್ಗಿಸುತ್ತಾರೆಯೆ?
ಅಳೆದು ಸುರಿದು ಸಂಜೆಯಾಯಿತು.
ಕೊನೆಗೆ, ಆ ಆರಕ್ಕೆ ಇನ್ನೊಂದು ಸುತ್ತು ಗೋಡೆ.
ಒಂದಿಂಚಿನ ಪಟ್ಟಿ ನಾಲ್ಕೂ ಕಡೆ ಹೊಲಿದು
ಮಿಕ್ಕದ್ದನ್ನು ಸವರಿದರೆ ಹನ್ನೆರಡೂವರೆ.
ಸವರುವುದು ನನ್ನ ಉಕ್ಕಿನ ಅಡಿಪಟ್ಟಿ ಇಟ್ಟು.

ಬಟ್ಟೆ? ವರ್ಲಿ ಮನೆಗೆ ಹೋಗಿ ಬಂದಳು
ವಿಲಿಸನ ನೀಲಿ ಫ್ಲಾನೆಲ್ ಅಂಗಿ ಹಿಡಿದು.
ಬೆನ್ನು ಸವೆದಿದೆ, ತೋಳಲ್ಲಿ ತೆಗೆಯಿರಿ ಅಂದಳು.
ಇಪ್ಪತ್ತನಾಲ್ಕು ಪಟ್ಟಿ ಬಂತು ಎರಡು ತೋಳಿನಿಂದ.
ಎಲ್ಲ ಕೂಡಿಸಿ ಹೊಲಿದ ಮೇಲೆ ಹೊರಗೆ ಕಂಡದ್ದು ಬರೀ ಕಾಲಿಂಚು ನೀಲಿ,
ಮುಚ್ಚಿದ ಕಿಟಕಿಯ ಸಂದಿಗೆ ಸಿಕ್ಕುವಷ್ಟು ಆಕಾಶ.

ಲಾಟರಿ ಬ್ರಿಜ್‌ವಾಟರಿನ ಒಬ್ಬ ಹಲ್ಲಿನ ಡಾಕ್ಟರಿಗೆ ಹೊಡೆಯಿತು.
ಈ ಆರು ಮನೆಗೆ ಮಾತ್ರ ಯಾಕೆ ನೀಲಿ ಅಂಚು,
ಏನೋ ಒಳಾರ್ಥ ಇರಬೇಕಲ್ಲ, ಅಂದ.
ಅಳತೆ ತಪ್ಪಿತ್ತು, ಅಂದೆ.
ನಂಬಲಿಲ್ಲ.

ವರ್ಲಿಗೆ ಹೊಸ ಟೇಪು ಕೊಡಿಸಿದೆವು,
ಗುಂಡಿ ಒತ್ತಿದರೆ ಸರ್ರನೆ ಒಳಗೆ ಓಡುವಂಥದು.
ಅದು ಡಬ್ಬಿಯಲ್ಲೇ ಇದೆ.
ಹಳೆಯದರ ತುದಿಗೆ ವಿಲಿಸನ ಅಂಗಿಯ ಒಂದು ಚೂರು
ಹೊಲಿದುಕೊಂಡಿದ್ದಾಳೆ ಈಗ, ಕಳೆದ ಅರ್ಧ ಇಂಚಿಗೆ.
ಮೊನ್ನೆ ಅವಳು ಕಾಫಿ ತರಲು ಎದ್ದಾಗ
ನಾನು ಅಡಿಪಟ್ಟಿ ಇಟ್ಟು ನೋಡಿದೆ.
ಒಂದು ಕೂದಲೆಳೆ ಹೆಚ್ಚು.
ಹೇಳಲಿಲ್ಲ.